ಭಟ್ಟರ ಸೀಟಿನ ಒಳಗಿದ್ದದ್ದು

ಸುಮತಿ ಟೀಚರೇ, ನಿಮ್ಮ ತಂದೆಯವರ ಸೈಕಲ್ಲಿಗೆ ನಾನು ಹಾಕಿಕೊಟ್ಟ ಸೀಟು ಚರ್ಮದ್ದು. ಮೇಲೆ ಕಾಣುತ್ತಿದ್ದ ಕಪ್ಪು ರೆಕ್ಸಿನ್ ಬರೀ ಹೊದಿಕೆ. ಅದರ ಅಡಿಯಲ್ಲಿದ್ದದ್ದು ದಪ್ಪನೆಯ ದನದ ಚರ್ಮ. ಅವರಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಹೊದಿಕೆ ಹೊಲಿದವನು ನಾನೇ.

ಇಷ್ಟು ಬರೆಯುವುದಕ್ಕೆ ನಾಲ್ಕು ದಿನ ಬೇಕಾಯಿತು. ನಿಮ್ಮ ತಂದೆಯವರ ಜೊತೆ ನಾನು ಮಾತಾಡುತ್ತಿದ್ದದ್ದೆಲ್ಲ ತುಳುವಿನಲ್ಲಿ. ನಿಮಗೆ ಬರೆಯುವಾಗ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅದೂ ಕನ್ನಡ ಟೀಚರಿಗೆ. ಕಾಗುಣಿತದ ತಪ್ಪುಗಳಿದ್ದರೆ ಕ್ಷಮಿಸಿ. ಅವನ್ನು ಮಾತ್ರ ಕ್ಷಮಿಸಿ — ಉಳಿದದ್ದಕ್ಕೆ ಕ್ಷಮೆ ಕೇಳುವ ಧೈರ್ಯ ನನಗಿಲ್ಲ.

ಹೋದ ಶನಿವಾರ ನೀವು ಸುರತ್ಕಲ್ಲಿನಿಂದ ಬಸ್ಸು ಹಿಡಿದು ಜೆಪ್ಪುವಿನ ನನ್ನ ಅಂಗಡಿಗೆ ಬಂದಿರಿ. ಯಜಮಾನರು ಗುಡ್ಡ ಹತ್ತಲಿಕ್ಕೆಂದು ಹೊಸ ನಮೂನೆಯ ದಪ್ಪ ಟಯರಿನ ಸೈಕಲ್ಲು ತೆಗೆದುಕೊಂಡಿದ್ದಾರೆ, ಮನೆಯ ದಾರಿಯೆಲ್ಲ ಕಲ್ಲು, ಸೈಕಲ್ಲಿನ ಜೊತೆ ಬಂದ ಸೀಟಿನಲ್ಲಿ ಕೂತು ಬಂದರೆ ಸಂಜೆ ಅವರಿಗೆ ಕುರ್ಚಿಯೂ ಬೇಡ, ಮಂಚವೂ ಬೇಡ ಎಂದಿರಿ. "ಬೆಲೆ ಜಾಸ್ತಿ ಆಗ್ಬಾರ್ದು ಶೆಟ್ರೇ. ಕೂತ್ರೆ ನೋಯ್ಬಾರ್ದು. ನಾಲ್ಕು ವರ್ಷ ಬಾಳಿಕೆ ಬರ್ಬೇಕು," ಎಂದಿರಿ. ಆಮೇಲೆ ನಕ್ಕು, "ಅಪ್ಪನಿಗೆ ಕೊಟ್ಟಿದ್ರಲ್ಲ, ಅಂಥದ್ದೇ ಒಂದು ಕೊಡಿ," ಎಂದಿರಿ.

ನಾನು ಸ್ಟಾಕ್ ಇಲ್ಲ, ಮುಂದಿನ ವಾರ ಕಳಿಸುತ್ತೇನೆ ಎಂದೆ. ಅದೂ ಸುಳ್ಳು. ಅಂಥ ನಾಲ್ಕು ಚರ್ಮದ ಸೀಟುಗಳು ನನ್ನ ತಲೆಯ ಮೇಲೆಯೇ ಕೊಕ್ಕೆಯಲ್ಲಿ ನೇತಾಡುತ್ತಿದ್ದವು. ನೀವು ಮೆಟ್ಟಿಲು ಇಳಿದವರು ತಿರುಗಿ ನಿಂತು ಕೇಳಿದಿರಿ, "ಅಪ್ಪ ದೇವಸ್ಥಾನ ಬಿಟ್ಟದ್ದು ಯಾಕೆ ಅಂತ ನಿಮಗಾದ್ರೂ ಗೊತ್ತುಂಟಾ ಶೆಟ್ರೇ?"

"ಮೊಣಕಾಲು ನೋವಲ್ವಾ," ಎಂದೆ.

ತಂದೆಯವರು ಹೋಗಿ ವರ್ಷವಾಯಿತು, ಇನ್ನು ಕೇಳಲಿಕ್ಕೆ ಯಾರೂ ಉಳಿದಿಲ್ಲ ಎಂಬ ಹಾಗೆ ಒಮ್ಮೆ ನನ್ನ ಮುಖ ನೋಡಿ, ಕೊಡೆ ಬಿಡಿಸಿಕೊಂಡು ಹೋದಿರಿ. ಆ ನೋಟದಿಂದ ಈ ಕಾಗದ ಹುಟ್ಟಿದೆ.

ಮೊದಲಿನಿಂದ ಹೇಳುತ್ತೇನೆ. ಆಗ ನೀವು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಿರಿ. ಎಪ್ಪತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿರಬೇಕು. ಮಾವ ನಡೆಸುತ್ತಿದ್ದ ಸೈಕಲ್ ಅಂಗಡಿ ನನ್ನ ಕೈಗೆ ಬಂದಿತ್ತು. ಉಳಿದ ರಿಪೇರಿಯಲ್ಲಿ ನಾನು ಹತ್ತರಲ್ಲಿ ಹನ್ನೊಂದನೆಯವನು, ಆದರೆ ಸೀಟಿನ ವಿಷಯದಲ್ಲಿ ಮಾತ್ರ — ಜಂಬ ಎನ್ನಿ ಬೇಕಾದರೆ — ನನಗೆ ಸರಿಸಾಟಿ ಇಲ್ಲ ಎಂದುಕೊಂಡಿದ್ದೆ. ಗಿರಾಕಿ ನಡೆದು ಬರುವುದನ್ನು ನೋಡಿಯೇ ಇವನಿಗೆ ಅಗಲದ್ದು, ಇವನಿಗೆ ಸಪೂರದ್ದು ಎಂದು ಹೇಳುತ್ತಿದ್ದೆ. ಅನುಮಾನ ಬಂದರೆ ಒಂದು ಮಣೆಯ ಮೇಲೆ ತೌಡು ಹರಡಿ ಅದರ ಮೇಲೆ ಕೂರಿಸುತ್ತಿದ್ದೆ. ಎದ್ದಾಗ ತೌಡಿನಲ್ಲಿ ಎರಡು ಗುಳಿ ಬಿದ್ದಿರುತ್ತವೆ, ಕೂರುವ ಮೂಳೆ ಊರಿದ ಗುರುತು. ಆ ಎರಡರ ನಡುವೆ ಎಷ್ಟು ಬೆರಳು ಎಂದು ಅಳೆದರೆ ಸೀಟಿನ ಅಗಲ ಸಿಕ್ಕಿತು. ಮೆತ್ತಗಿದ್ದ ಸೀಟು ಸುಖ ಎಂದು ಎಲ್ಲರೂ ತಿಳಿದಿರುತ್ತಾರೆ. ಅಲ್ಲ. ಆ ಎರಡು ಮೂಳೆಗಳಿಗೆ ಸರಿಯಾಗಿ ಆಧಾರ ಕೊಟ್ಟದ್ದೇ ಸುಖದ ಸೀಟು.

ನಿಮ್ಮ ತಂದೆಯವರು ದಿನಾ ಬೆಳಿಗ್ಗೆ ಮನೆಯಲ್ಲೇ ಮಿಂದು, ಮಡಿಯುಟ್ಟು, ನೈವೇದ್ಯದ ಅಕ್ಕಿಯ ಹಿತ್ತಾಳೆ ಪಾತ್ರೆಯನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಪಡೀಲಿನ ಆಚೆಯ ಗುಡ್ಡದ ದೇವಸ್ಥಾನಕ್ಕೆ ಹೋಗುತ್ತಿದ್ದರು. ಕಂಕನಾಡಿಯ ಏರು ಹತ್ತಿ, ಆಮೇಲೆ ರಸ್ತೆ ಬಿಟ್ಟು ಕೆಂಪು ಮುರಕಲ್ಲಿನ ಕಚ್ಚಾ ದಾರಿ. ಅವರ ಸೀಟು ತಗಡಿನ ಮೇಲೆ ನಾರು ತುಂಬಿ ರೆಕ್ಸಿನ್ ಸುತ್ತಿದ್ದು. ನಾರು ಪುಡಿಯಾಗಿ ತಗಡು ಒತ್ತುತ್ತಿತ್ತು. ಒಂದು ದಿನ ಅಂಗಡಿಗೆ ಬಂದವರು ನಾನು ಸ್ಟೂಲು ಕೊಟ್ಟರೂ ಕೂರಲಿಲ್ಲ.

"ಕೂರುವ ಹಾಗಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ ಮಾರಾಯ್ರೇ," ಎಂದು ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು, ಹೀಗೇ ಆದರೆ ಪಡೀಲಿನ ಪೂಜೆ ಬಿಡಬೇಕಾದೀತು ಎಂದು. ಅಗ್ಗದ್ದು ಬೇಕು, ನೋಯದ್ದು ಬೇಕು, ಬಾಳಿಕೆ ಬರುವಂಥದ್ದು ಬೇಕು. "ಮತ್ತೆ, ಚರ್ಮ ಆಗುದಿಲ್ಲ. ಅದು ನಿಮಗೆ ಗೊತ್ತುಂಟಲ್ಲ."

ಗೊತ್ತಿತ್ತು. ಚರ್ಮದ ಚಪ್ಪಲಿ ಹಾಕದವರು, ವಾಚಿಗೆ ಸ್ಟೀಲಿನ ಪಟ್ಟಿ ಕಟ್ಟುತ್ತಿದ್ದವರು. ಮಡಿಯುಟ್ಟು ಚರ್ಮದ ಮೇಲೆ ಕೂತು ಹೋಗಿ ದೇವರನ್ನು ಮುಟ್ಟುವುದು ಅವರಿಂದ ಆಗದ ಮಾತು. ಮಣೆಯ ಮೇಲೆ ತೌಡು ಹರಡಿದಾಗ, "ಇದೆಂತ ಶೆಟ್ರೇ, ಊಟಕ್ಕೆ ಕೂರಿಸ್ತೀರಾ? ಎಲೆ ಎಲ್ಲುಂಟು?" ಎಂದು ತಮಾಷೆ ಮಾಡುತ್ತಾ ಕೂತರು. ನಾಲ್ಕು ಬೆರಳು ಬಂತು. ಒಂದು ನಾರಿನ ಸೀಟು ಕೊಟ್ಟೆ. ಎರಡು ತಿಂಗಳಿಗೆ ಕುಸಿಯಿತು. ಗಟ್ಟಿ ಪ್ಲಾಸ್ಟಿಕ್ಕಿನದ್ದು ಕೊಟ್ಟೆ; ಏರಿನಲ್ಲಿ ಜಾರುತ್ತದೆ ಎಂದರು, ಬೇಸಿಗೆಯ ಬಿಸಿಲಿಗೆ ಬಿರುಕೂ ಬಿಟ್ಟಿತು. ಸ್ಪಂಜು ತುಂಬಿದ ಅಗಲದ್ದು ಕೊಟ್ಟೆ. ಮಳೆಗಾಲದಲ್ಲಿ ಅದು ನೀರು ಕುಡಿದು ಅವರ ಪಂಚೆಯನ್ನು ಹಿಂದಿನಿಂದ ಒದ್ದೆ ಮಾಡಿ, ದಾರಿಯಲ್ಲಿ ಮಕ್ಕಳು ನಗುವ ಹಾಗೆ ಮಾಡಿತು. ಮೂರನೆಯದ್ದನ್ನು ಹಿಂದೆ ತಂದಾಗ ಅವರು ನೊಂದುಕೊಂಡು, "ಇರ್ಲಿ ಶೆಟ್ರೇ, ನಿಮ್ಮಿಂದಲೂ ಆಗ್ಲಿಲ್ಲ ಅಲ್ವಾ," ಎಂದರು.

ನಿಮ್ಮಿಂದಲೂ ಆಗಲಿಲ್ಲ. ಆ ಮಾತು ನನ್ನನ್ನು ಚುಚ್ಚಿತು ಟೀಚರೇ. ಅವರ ನೋವಲ್ಲ. ಕನಿಕರದಿಂದ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ — ಕನಿಕರ ಇರಲಿಲ್ಲ ಎಂದಲ್ಲ, ಇತ್ತು, ಆದರೆ ಮುಂದೆ ನಿಂತು ಕೆಲಸ ಮಾಡಿಸಿದ್ದು ಜಂಬ.

ಆ ವಾರ ಒಂದು ಒಳ್ಳೆಯ ಚರ್ಮದ ಸೀಟು ಆರಿಸಿದೆ. ಹಿಂದೆ ಸುರುಳಿ ಸ್ಪ್ರಿಂಗು, ಮೂತಿಯಲ್ಲಿ ಚರ್ಮವನ್ನು ಬಿಗಿ ಮಾಡುವ ನಟ್ಟು. ಚರ್ಮಕ್ಕೆ ಒಂದು ಗುಣ ಇದೆ, ಮೂರು ತಿಂಗಳು ಕೂತರೆ ಕೂತವನ ಮೈಗೆ ತಾನೇ ಒಗ್ಗಿಕೊಳ್ಳುತ್ತದೆ. ಅದರಷ್ಟು ಸುಖದ್ದೂ ಬಾಳುವಂಥದ್ದೂ ಬೇರೆ ಇಲ್ಲ; ಮಳೆ ನೀರು ತಾಗಬಾರದು, ಅಷ್ಟೇ. ಅದರ ಮೇಲೆ ರೆಕ್ಸಿನ್ ಎಳೆದು, ಅಂಚನ್ನು ಅಡಿಗೆ ಮಡಚಿ, ನೀರು ಒಳಗೆ ಹೋಗದ ಹಾಗೆ ಬಿಗಿಯಾಗಿ ಹೊಲಿದೆ. ಹೊಲಿಗೆ ಚೆನ್ನಾಗಿ ಬಂತು. ಎತ್ತಿ ಹಿಡಿದು ನಾನೇ ನೋಡಿ ಖುಷಿಪಟ್ಟೆ.

ಸೈಕಲ್ಲಿಗೆ ಹಾಕಿದ ಮೇಲೆ ಅವರು ಬೆರಳಿನಿಂದ ಒತ್ತಿ ನೋಡಿ ಕೇಳಿದರು, "ಚರ್ಮ ಅಲ್ಲ ಅಲ್ವಾ?"

"ಅಲ್ಲ ಭಟ್ರೇ. ಒಳಗೆ ನಾಲ್ಕು ಪದರ ಕ್ಯಾನ್ವಾಸು."

ನಾಲ್ಕು ಪದರ ಎಂದು ಲೆಕ್ಕ ಕೊಟ್ಟದ್ದು ಯಾಕೆ ಎಂದು ಈಗಲೂ ಯೋಚಿಸುತ್ತೇನೆ. ಅಲ್ಲ ಎಂದಿದ್ದರೆ ಸಾಕಿತ್ತು, ಅವರು ನಂಬುತ್ತಿದ್ದರು. ನಂಬುವವರಿಗೆ ಹೇಳುವ ಸುಳ್ಳಿಗೂ ನಾನು ಅಲಂಕಾರ ಮಾಡಿದೆ.

ಅವರ ನೋವು ಹೋಯಿತು. ಅದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಕಂಕನಾಡಿಯ ಏರಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗುವುದನ್ನು ನಾನೇ ನೋಡಿದ್ದೇನೆ. ಪ್ರತಿ ಶುಕ್ರವಾರ ಹಿಂದೆ ಬರುವಾಗ ಅಂಗಡಿಯ ಮುಂದೆ ಸೈಕಲ್ಲು ನಿಲ್ಲಿಸಿ, ಬಾಳೆ ಎಲೆಯ ತುಂಡಿನಲ್ಲಿ ಪ್ರಸಾದ ಕೊಡುತ್ತಿದ್ದರು. ಸೀಟನ್ನು ತಟ್ಟಿ, "ಇದು ನಿಮ್ಮ ಕೈಗುಣ," ಎನ್ನುತ್ತಿದ್ದರು. ಅವರ ಮಾತು ಕೇಳಿ ಬೇರೆ ಇಬ್ಬರು ಅರ್ಚಕರು ಭಟ್ಟರ ಸೀಟು ಬೇಕು ಎಂದು ಬಂದರು. ಅವರಿಗೂ ಹೊಲಿದು ಕೊಟ್ಟೆ. ಆ ಇಬ್ಬರ ನೋವಿನ ಬಗ್ಗೆ ನನಗೆ ಯಾವ ಕನಿಕರವೂ ಇರಲಿಲ್ಲ. ವ್ಯಾಪಾರ ಬಂತು, ಮಾಡಿದೆ.

ಹೀಗೆ ಐದು ವರ್ಷ ಹೋಯಿತು. ಅಷ್ಟರಲ್ಲಿ ದೇವಸ್ಥಾನದ ಆಡಳಿತ ನೋಡಲು ಹೊಸ ಮೊಕ್ತೇಸರರು ಬಂದಿದ್ದರು. ಅರ್ಚಕರ ಜಾಗಕ್ಕೆ ತಮ್ಮ ಕಡೆಯವರನ್ನು ತರುವ ಮನಸ್ಸು ಅವರಿಗೆ. ಯಾರೋ ಅವರ ಕಿವಿಗೆ ಹಾಕಿದರು — ಹಿಂದೆ ಸುರುಳಿ ಸ್ಪ್ರಿಂಗು, ಮೂತಿಗೆ ನಟ್ಟು ಇದ್ದದ್ದು ಚರ್ಮದ ಸೀಟೇ, ಭಟ್ರು ಚರ್ಮದ ಮೇಲೆ ಕೂತು ಬಂದು ದೇವರನ್ನು ಮುಟ್ಟುತ್ತಾರೆ ಎಂದು. ನಿಮ್ಮ ತಂದೆಯವರು ಅಂಗಡಿಗೆ ಬಂದು, "ಸೋಮವಾರ ಪೂಜೆ ಆದ್ಮೇಲೆ ಒಂದು ಮಾತು ಕೇಳ್ತಾರಂತೆ. ನೀವು ಬಂದು ಕ್ಯಾನ್ವಾಸು ಅಂತ ಹೇಳಿದ್ರೆ ಮುಗೀತು," ಎಂದರು. ಅವರ ಮುಖದಲ್ಲಿ ಚಿಂತೆಯ ಸುಳಿವೂ ಇರಲಿಲ್ಲ. ನಾನು ಬರುತ್ತೇನೆ ಎಂದೆ.

ಸತ್ಯ ಹೇಳಬೇಕೆಂದೇ ಹೋದೆನೋ, ಇನ್ನೊಂದು ಸುಳ್ಳು ಹೇಳಲು ಹೋದೆನೋ — ಟೀಚರೇ, ನನಗೇ ಗೊತ್ತಿಲ್ಲ. ದಾರಿಯುದ್ದಕ್ಕೂ ಎರಡನ್ನೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

ಅಂಗಳದಲ್ಲಿ ಮೂವತ್ತು ಜನ ಇದ್ದರು. ಸೈಕಲ್ಲನ್ನು ಹೊರಗೆ ಮಾವಿನ ಮರಕ್ಕೆ ಒರಗಿಸಿದ್ದರು. ಒಬ್ಬರು, ಬ್ಲೇಡು ತನ್ನಿ, ಹೊದಿಕೆ ಕೊಯ್ದು ನೋಡಿದರೆ ಆಯಿತು ಎಂದರು. ಮೊಕ್ತೇಸರರು ಮಾತ್ರ ನನ್ನ ಕಡೆ ತಿರುಗಿ, "ಎಂತ ಶೆಟ್ರೇ, ಸೀಟು ಮಾಡಿದವರು ನೀವು. ಹೇಳಿ," ಎಂದರು. ನಾನು ಇನ್ನೂ ತುಟಿ ಬಿಚ್ಚಿರಲಿಲ್ಲ, ಅಷ್ಟರಲ್ಲಿ ನಿಮ್ಮ ತಂದೆಯವರು ಮುಂದೆ ಬಂದರು. ಅಷ್ಟು ಜನರ ನಡುವೆ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಅವರಿಗೆ ಕಂಡಿರಬೇಕು.

"ಅವರನ್ನು ಕೇಳುದು ಬೇಡ," ಎಂದರು. "ಕೊಯ್ದು ನೋಡುದಾದ್ರೆ ಮತ್ತೆ ಮನುಷ್ಯರ ಮಾತಿಗೆ ಎಂತ ಬೆಲೆ? ಶೆಟ್ರು ನನಗೆ ಹೇಳಿದ್ದಾರೆ. ನಾನೇ ಪ್ರಮಾಣ ಮಾಡ್ತೇನೆ."

ನಮ್ಮ ಕಡೆ ದೇವರ ಮುಂದೆ ಪ್ರಮಾಣ ಎಂದರೆ ಏನು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದು ಹೋಟೆಲಿನಲ್ಲಿ ಚಾ ಕುಡಿಯುವವರು ಕೂಡ ಅಲ್ಲಿ ಸುಳ್ಳು ಹೇಳುವುದಿಲ್ಲ. ಅವರು ಗರ್ಭಗುಡಿಯ ಹೊಸ್ತಿಲಿನ ಮುಂದೆ ನಿಂತು, ಅಂಗೈಯಲ್ಲಿ ತೀರ್ಥ ಹಿಡಿದು, ತಾನು ಕೂತು ಬರುವ ಸೀಟಿನಲ್ಲಿ ಚರ್ಮ ಇಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನಾನು ಅವರಿಂದ ಹತ್ತು ಹೆಜ್ಜೆ ದೂರದಲ್ಲಿ, ಕಂಬದ ಹತ್ತಿರ ನಿಂತಿದ್ದೆ.

ತಡೆಯಬಹುದಿತ್ತು. ತೀರ್ಥ ಇನ್ನೂ ಅಂಗೈಯಲ್ಲಿತ್ತು. ಭಟ್ರೇ, ನಿಲ್ಲಿ ಎಂದಿದ್ದರೆ —

ನಿಲ್ಲಿ ಎನ್ನಲಿಲ್ಲ. ಆ ಹೊತ್ತಿಗೆ ನನಗೆ ಅನಿಸಿದ್ದೇನು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. ನನಗೆ ಅನಿಸಿದ್ದು ಭಯವಲ್ಲ, ನಾಚಿಕೆಯೂ ಅಲ್ಲ. ಸಮಾಧಾನ. ನಾನು ಬಾಯಿ ಬಿಡಬೇಕಾಗಿ ಬರಲಿಲ್ಲ, ನಾನು ಪಾರಾದೆ ಎಂಬ ಸಮಾಧಾನ. ಜನ ಚದುರಿದ ಮೇಲೆ ಅವರು ಬಂದು ನನ್ನ ಹೆಗಲು ಮುಟ್ಟಿ, "ನಿಮಗೆ ಸುಮ್ನೆ ತೊಂದ್ರೆ ಆಯ್ತು," ಎಂದರು. ಮಡಿಯಲ್ಲಿದ್ದವರು, ಮುಟ್ಟಿದರು.

ಅದಾಗಿ ಎರಡು ಮಳೆಗಾಲ ಕಳೆಯಿತು. ಎರಡನೆಯ ಮಳೆಗಾಲದಲ್ಲಿ ಸೀಟಿನ ಮೂತಿಯ ಹತ್ತಿರ ದಾರ ಕೊಳೆತು ಹೊಲಿಗೆ ಬಿಟ್ಟಿತು. ನೀರು ಕುಡಿದ ಚರ್ಮ ಉಬ್ಬಿ ಹೊರಗೆ ಬಂತು. ಅದನ್ನು ಅವರು ದಾರಿಯಲ್ಲಿ ನೋಡಿದರೋ, ದೇವಸ್ಥಾನ ತಲುಪಿದ ಮೇಲೆ ನೋಡಿದರೋ ನನಗೆ ತಿಳಿಯದು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಪಡೀಲಿನಿಂದ ಜೆಪ್ಪುವಿನವರೆಗೆ ನಡೆದೇ ಬಂದಿದ್ದರು, ಮಳೆಯಲ್ಲಿ ತೊಯ್ದುಹೋಗಿದ್ದರು. ಅಂಗಡಿಯ ಮುಂದೆ ಸ್ಟಾಂಡು ಹಾಕಿ ನಿಲ್ಲಿಸಿದರು. ನಾನು ಸೀಟನ್ನು ನೋಡಿದೆ. ಬೈಯಲಿ, ಹೊಡೆಯಲಿ ಎಂದು ಕಾದೆ. ಅದೇನು, ಯಾಕೆ ಎಂದು ಅವರು ಕೇಳಲೇ ಇಲ್ಲ.

"ಅವತ್ತು ನೀವು ಅಲ್ಲೇ ಇದ್ರಿ ಅಲ್ವಾ ಶೆಟ್ರೇ?" ಎಂದರು.

"ಇದ್ದೆ," ಎಂದೆ.

ಸೀಟಿನ ಕಡೆ ಕೈ ತೋರಿಸಿ, "ಅದನ್ನು ಬಿಚ್ಚಿ ನೀವೇ ಇಟ್ಕೊಳ್ಳಿ," ಎಂದರು. ಸ್ಪ್ಯಾನರ್ ತಂದು ಬಿಚ್ಚಿದೆ. ಅವರು ಸೀಟಿಲ್ಲದ ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಹೋದರು.

ಆ ವಾರವೇ ದೇವಸ್ಥಾನ ಬಿಟ್ಟರು. ಮೊಣಕಾಲು ನೋವು ಎಂದು ಎಲ್ಲರಿಗೂ ಹೇಳಿದರು. ನಿಮಗೂ, ನಿಮ್ಮ ಅಮ್ಮನಿಗೂ. ನನ್ನ ಹೆಸರು ಯಾರ ಮುಂದೆಯೂ ಎತ್ತಲಿಲ್ಲ. ಎತ್ತಿದ್ದರೆ ನನ್ನ ಅಂಗಡಿಯ ಮೆಟ್ಟಿಲು ಯಾರೂ ಹತ್ತುತ್ತಿರಲಿಲ್ಲ. ಮೊಣಕಾಲು ನೋವಿನ ಮನುಷ್ಯ ಆಮೇಲೆ ಊರೆಲ್ಲ ನಡೆದೇ ತಿರುಗಿದರು, ಸಮಾರಂಭಗಳ ಅಡುಗೆಗೆ ಸಹಾಯಕ್ಕೆ ಹೋಗುತ್ತಿದ್ದರು, ಅದೂ ನಿಮಗೆ ಗೊತ್ತು. ಒಲೆಯ ಮುಂದೆ ಇಡೀ ದಿನ ನಿಲ್ಲುವವರಿಗೆ ಎಂಥ ಮೊಣಕಾಲು ನೋವು ಎಂದು ನಿಮಗೆ ಆಗಲೇ ಅನುಮಾನ ಬಂದಿರಬೇಕು. ಜನರಿಗಂತೂ ಬಂತು. ದೇವಸ್ಥಾನದ ಬೆಳ್ಳಿ ಬಟ್ಟಲು ಒಂದು ಕಾಣುವುದಿಲ್ಲವಂತೆ, ಅದಕ್ಕೇ ಭಟ್ರು ಬಿಟ್ಟದ್ದಂತೆ — ಈ ಅಂತೆಗಳು ಹುಟ್ಟಿದ್ದು ಆಗಲೇ.

ಇನ್ನು ಒಂದು ಉಳಿದಿದೆ. ಇದು ನಿಮಗೆ ಸೇರಿದ್ದು.

ನಿಮಗೆ ಮೊದಲು ನಿಶ್ಚಯವಾಗಿದ್ದ ಮದುವೆಯ ಸಂಬಂಧ ಒಂದಿತ್ತು. ಎಲ್ಲ ಮಾತಾಗಿ, ಆಮೇಲೆ ಗಂಡಿನ ಕಡೆಯವರು ಯಾಕೋ ಹಿಂದೆ ಸರಿದರು. ಆ ಹುಡುಗನ ಸೋದರಮಾವ ಅದಕ್ಕೆ ಮೊದಲು ನನ್ನ ಅಂಗಡಿಗೆ ಬಂದಿದ್ದರು. ಮನೆತನದ ವಿಚಾರ ಕೇಳಲಿಕ್ಕೆ ನಮ್ಮಲ್ಲಿ ಅಂಗಡಿಯವರ ಹತ್ತಿರವೇ ತಾನೆ ಬರುವುದು. ನಾನು ಒಂದು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದೆ. "ಆ ಬಟ್ಟಲಿನ ಸುದ್ದಿ ನಿಜವಾ? ನೀವು ಅವರಿಗೆ ಬೇಕಾದವ್ರಂತಲ್ಲ," ಎಂದು ಕೇಳಿದರು.

ಅವರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಭಟ್ಟರು ಬಟ್ಟಲು ಮುಟ್ಟುವವರಲ್ಲ, ಬಿಟ್ಟದ್ದಕ್ಕೆ ಕಾರಣ ನಾನು ಎಂದು. ನಾನು ನೀರಿನಿಂದ ತಲೆ ಎತ್ತದೆ, "ಅದೆಲ್ಲ ನನಗೆಂತ ಗೊತ್ತು ಮಾರಾಯ್ರೇ," ಎಂದೆ. ಬೇಕಾದವನೇ ಹೀಗೆ ಹೇಳಿದರೆ ಕೇಳಿದವರು ಏನು ತಿಳಿಯುತ್ತಾರೆ? ಹತ್ತು ದಿನದಲ್ಲಿ ಆ ಸಂಬಂಧ ತಪ್ಪಿದ ಸುದ್ದಿ ಬಂತು. ಮತ್ತೆ ನಿಮ್ಮ ಮದುವೆಯಾದದ್ದು ಆರು ವರ್ಷ ಕಳೆದ ಮೇಲೆ. ನಿಮ್ಮ ಈಗಿನ ಯಜಮಾನರು ಒಳ್ಳೆಯವರು, ನನಗೆ ಗೊತ್ತು. ಆದರೆ ಅದರಿಂದ ನನ್ನ ಪಾಲಿನದ್ದೇನೂ ಕಮ್ಮಿಯಾಗುವುದಿಲ್ಲ.

ಆ ಮದುವೆಗೆ ನಿಮ್ಮ ತಂದೆಯವರು ಕರೆಯೋಲೆ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಎಲ್ಲರಿಗೂ ಕೊಟ್ಟ ಹಾಗೆ ನನಗೂ ಅಕ್ಷತೆ ಕೊಟ್ಟರು. ನಾನು ಹೇಳಬೇಕೆಂದು ಬಾಯಿ ತೆರೆದೆ. ಅವರು ಕಾದರು — ಹೌದು, ಕಾದರು, ಸ್ವಲ್ಪ ಹೊತ್ತು ನಿಂತೇ ಇದ್ದರು. ನಾನು, "ಮಳೆ ಬರುವ ಹಾಗುಂಟು ಭಟ್ರೇ," ಎಂದೆ. ಅವರು ಆಕಾಶ ನೋಡಿ, ಹೌದು ಎಂದು ಹೋದರು.

ಚರ್ಮ ಮುಟ್ಟಿದರೆ ದೇವರಿಗೆ ಮೈಲಿಗೆಯಾಗುತ್ತದೆ ಎಂದು ನಾನು ಅಂದೂ ನಂಬಿರಲಿಲ್ಲ, ಇಂದೂ ನಂಬುವುದಿಲ್ಲ. ಇದನ್ನೇ ಹಿಡಿದುಕೊಂಡು ಬಹಳ ಕಾಲ ತಪ್ಪಿಸಿಕೊಂಡೆ. ಆದರೆ ಏನು ಮುಟ್ಟಬೇಕು, ಏನು ಮುಟ್ಟಬಾರದು ಎಂದು ಅವರ ಪರವಾಗಿ ತೀರ್ಮಾನ ಮಾಡಲು ನಾನು ಯಾರು? ಅವರು ನನ್ನಿಂದ ಮೂರು ಗುಣದ ಸೀಟು ಕೇಳಿದರು, ನಾಲ್ಕನೆಯದಾಗಿ ಒಂದು ನಿಜ ಕೇಳಿದರು. ಅಂಥ ಸೀಟು ನನ್ನ ಹತ್ತಿರ ಇಲ್ಲ ಎಂದು ಹೇಳಿದ್ದರೆ ಅವರು ಪಡೀಲಿನ ಪೂಜೆ ಬಿಟ್ಟು ಹತ್ತಿರದಲ್ಲಿ ಬೇರೆ ಪೂಜೆ ಹಿಡಿಯುತ್ತಿದ್ದರು, ಅಷ್ಟೇ. ನನ್ನಿಂದಾಗಿ ದೇವರ ಮುಂದೆ ನಿಲ್ಲುವುದನ್ನೇ ಬಿಟ್ಟರು.

ಬರುವ ಸೋಮವಾರ ನಾನು ಪಡೀಲಿಗೆ ಹೋಗುತ್ತೇನೆ. ಆ ಸೀಟು ಇಷ್ಟು ವರ್ಷ ಗೋಣಿಯಲ್ಲಿ ಸುತ್ತಿ ಅಟ್ಟದಲ್ಲಿ ಇಟ್ಟಿದ್ದೆ. ನಿನ್ನೆ ತೆಗೆದು ಹೊದಿಕೆ ಪೂರ್ತಿ ಬಿಚ್ಚಿದೆ. ಪೂಜೆ ಮುಗಿದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಅದೇ ಅಂಗಳದಲ್ಲಿ ನಿಂತು ಹೇಳುತ್ತೇನೆ — ಪ್ರಮಾಣ ಮಾಡಿದವರ ತಪ್ಪಿಲ್ಲ, ಸುಳ್ಳು ನನ್ನದು. ಅವರು ಬಿಟ್ಟದ್ದು ಇದಕ್ಕಾಗಿ, ಬಟ್ಟಲಿಗಾಗಿ ಅಲ್ಲ ಎಂದು. ಆ ಮೊಕ್ತೇಸರರು ಈಗಲೂ ಇದ್ದಾರೆ. ಅಂದು ಇದ್ದವರಲ್ಲಿ ಇನ್ನೂ ಹತ್ತು ಹನ್ನೆರಡು ಜನ ಸಿಗಬಹುದು. ಆ ಇನ್ನಿಬ್ಬರು ಅರ್ಚಕರಲ್ಲಿ ಒಬ್ಬರು ಬದುಕಿದ್ದಾರೆ, ಅವರ ಮನೆಗೂ ಹೋಗುತ್ತೇನೆ. ನೀವು ಬರಬೇಕೆಂದು ಕರೆಯುವುದಿಲ್ಲ. ಬಂದರೆ ನನ್ನನ್ನು ಮಾತಾಡಿಸಬೇಕೆಂದೂ ಇಲ್ಲ.

ಈ ಕಾಗದದ ಜೊತೆ ನೀವು ಕೇಳಿದ ಸೀಟನ್ನು ಕಳಿಸಿದ್ದೇನೆ. ದಪ್ಪ ಟಯರಿನ ಸೈಕಲ್ಲಿನಲ್ಲಿ ಮುಂದೆ ಬಾಗಿ ಕೂರುವುದರಿಂದ ಹಳೆಯದರಷ್ಟು ಅಗಲ ಬೇಡ, ಇದು ಸಾಕು. ಈಗ ನೀರು ಕುಡಿಯದ ಗಟ್ಟಿ ಸ್ಪಂಜು ಬಂದಿದೆ, ಮೊದಲ ವಾರ ಸ್ವಲ್ಪ ಒತ್ತುತ್ತದೆ, ಆಮೇಲೆ ಸರಿಯಾಗುತ್ತದೆ. ಮೂತಿ ನೆಲಕ್ಕೆ ಸಮನಾಗಿ ಇರಲಿ, ಮೇಲೆತ್ತಿದ್ದರೆ ನೋಯುತ್ತದೆ. ಒಳಗೆ ಸ್ಪಂಜು, ಅದರ ಅಡಿಯಲ್ಲಿ ಪ್ಲಾಸ್ಟಿಕ್ಕು. ಚರ್ಮ ಇಲ್ಲ.

ಆದರೆ ನನ್ನ ಮಾತನ್ನು ನಂಬಬೇಡಿ. ಒಂದು ಬದಿಯ ಹೊಲಿಗೆಯನ್ನು ಪೂರ್ತಿ ಬಿಚ್ಚಿ ಇಟ್ಟಿದ್ದೇನೆ. ಹೊದಿಕೆ ಎತ್ತಿ, ಒಳಗೆ ಕೈ ಹಾಕಿ ನೋಡಿ. ನೋಡಿದ ಮೇಲೆ ಬೇರೆ ಯಾರ ಹತ್ತಿರವಾದರೂ ಹೊಲಿಸಿಕೊಳ್ಳಿ.